ಹಳೆ ಕಂಪ್ಯೂಟರ್‌ನಲ್ಲಿ ವಿಡಿಯೋ ತಡವರಿಸುತ್ತಿದೆಯೇ? ದುಡ್ಡು ಖರ್ಚು ಮಾಡುವ ಮುಂಚೆ ಎಲ್ಲಿ ಸಿಕ್ಕಿಕೊಂಡಿದೆ ಅಂತ ನೋಡಿ

ಬೆಂಗಳೂರಿನ ಬಹಳ ಮನೆಗಳಲ್ಲಿ ಹತ್ತು ಹನ್ನೆರಡು ವರ್ಷ ಹಳೆಯ ಡೆಸ್ಕ್‌ಟಾಪ್ ಒಂದು ಇನ್ನೂ ಕೆಲಸ ಮಾಡುತ್ತಿದೆ. ಕರೆಂಟ್ ಬಿಲ್ ಕಟ್ಟಲು, ಮಕ್ಕಳ ಪ್ರಾಜೆಕ್ಟ್ ಪ್ರಿಂಟ್ ತೆಗೆಯಲು ಅದಕ್ಕೇನೂ ತೊಂದರೆಯಿಲ್ಲ. ವಿಡಿಯೋ ಹಾಕಿದರೆ ಮಾತ್ರ ಚಿತ್ರ ನಿಂತು ನಿಂತು ಓಡುತ್ತದೆ. ಇಲ್ಲವೇ ಮಾತು ಮುಂದೆ ಹೋಗಿ ತುಟಿ ಹಿಂದೆ ಉಳಿಯುತ್ತದೆ. ಕೆಲವೊಮ್ಮೆ ಸ್ಕ್ರೀನ್ ಪೂರ್ತಿ ಹಸಿರು. ಯಾರನ್ನು ಕೇಳಿದರೂ "ಫಾರ್ಮ್ಯಾಟ್ ಮಾಡಿಸಿ" ಅಂತಾರೆ, ಇಲ್ಲ "ರ‍್ಯಾಮ್ ಹಾಕಿಸಿ" ಅಂತಾರೆ. ನೋಡದೆ ಹೇಳುವ ಮಾತು ಅದು. ರ‍್ಯಾಮ್ ಹಾಕಿಸಿದ ಮೇಲೂ ಅದೇ ವಿಡಿಯೋ ಅದೇ ಜಾಗದಲ್ಲಿ ನಿಲ್ಲುವುದು ತೀರಾ ಸಾಮಾನ್ಯ.

ವಿಡಿಯೋ ಸಿಕ್ಕಿಕೊಳ್ಳುವ ಜಾಗಗಳು ಕೆಲವೇ. ಡೇಟಾ ಸರಿಯಾಗಿ ಬರುತ್ತಿಲ್ಲ, ಅಂದರೆ ನೆಟ್ ಅಥವಾ ಡಿಸ್ಕ್ ನಿಧಾನ. ಡೇಟಾ ಬರುತ್ತಿದೆ, ಆದರೆ ಅದನ್ನು ಬಿಡಿಸಿ ಚಿತ್ರ ಮಾಡುವ ಶಕ್ತಿ ಪ್ರೊಸೆಸರ್‌ಗೆ ಸಾಲುತ್ತಿಲ್ಲ. ಅಥವಾ ಚಿತ್ರ ತಯಾರಾದರೂ ಅದನ್ನು ಸ್ಕ್ರೀನ್‌ಗೆ ಕಳಿಸುವ ಡ್ರೈವರ್ ಅನ್ನೋ ಸಾಫ್ಟ್‌ವೇರ್ ಕೆಟ್ಟಿದೆ. ಇವುಗಳಲ್ಲಿ ಯಾವುದು ಅಂತ ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದಂತೆ.

ಹಂತ 1: ಮೊದಲ ಹತ್ತು ನಿಮಿಷದ ಪರೀಕ್ಷೆ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಟ್ಯಾಬ್‌ಗೆ ಹೋಗಿ, ಆ ಕಿಟಕಿಯನ್ನು ಪಕ್ಕಕ್ಕೆ ಸರಿಸಿ, ತೊಂದರೆ ಕೊಡುವ ವಿಡಿಯೋವನ್ನೇ ಹಾಕಿ. ಎರಡು ನಿಮಿಷ ಸುಮ್ನೆ ನೋಡಿ.

ಸಿಪಿಯು ನೂರರ ಹತ್ತಿರ ಅಂಟಿಕೊಂಡಿದ್ದರೆ ಪ್ರೊಸೆಸರ್ ಒದ್ದಾಡುತ್ತಿದೆ. ಹಂತ 3ಕ್ಕೆ ಹೋಗಿ. ಸಿಪಿಯು ಆರಾಮಾಗಿದ್ದು ಡಿಸ್ಕ್ ನೂರರಲ್ಲಿದ್ದರೆ ಹಂತ 4. ಎರಡೂ ಆರಾಮಾಗಿದ್ದು ಯೂಟ್ಯೂಬ್‌ನಲ್ಲಿ ಚಕ್ರ ತಿರುಗುತ್ತಿದ್ದರೆ ನೆಟ್ ತೊಂದರೆ, ಮುಂದಿನ ಹಂತ ನೋಡಿ. ಎಲ್ಲವೂ ಆರಾಮಾಗಿದ್ದು ಚಿತ್ರ ಮಾತ್ರ ಹಸಿರು, ಕಪ್ಪು ಅಥವಾ ಚೂರುಚೂರಾಗಿ ಕಂಡರೆ ಹಂತ 5.

ಇನ್ನೊಂದು ಸುಲಭದ ಪರೀಕ್ಷೆ: ಅದೇ ವಿಡಿಯೋವನ್ನು ಫೋನಿನಲ್ಲಿ ಹಾಕಿ. ಅಲ್ಲೂ ಅದೇ ಜಾಗದಲ್ಲಿ ಕೆಟ್ಟರೆ ಫೈಲೇ ಹಾಳಾಗಿದೆ. ಕಂಪ್ಯೂಟರ್ ಬಿಚ್ಚಬೇಡಿ.

ಹಂತ 2: ನೆಟ್

ಯೂಟ್ಯೂಬ್ ತಾನೇ ಹೇಳುವ ಪ್ರಕಾರ 480ಪಿ ವಿಡಿಯೋಗೆ ಸೆಕೆಂಡಿಗೆ 1.1 ಮೆಗಾಬಿಟ್, 720ಪಿಗೆ 2.5, 1080ಪಿಗೆ 5 ಸಾಕು. ಅಂದರೆ ಈಗಿನ ಯಾವ ಫೈಬರ್ ಪ್ಲಾನಾದರೂ ಧಾರಾಳವಾಗಿ ಸಾಲುತ್ತದೆ. ಆದರೂ ನಿಂತರೆ ಅನುಮಾನ ಪಡಬೇಕಾದ್ದು ಪ್ಲಾನನ್ನಲ್ಲ, ವೈಫೈಯನ್ನು.

ಹಳೆ ಲ್ಯಾಪ್‌ಟಾಪ್‌ಗಳು, ಹಾಗೆಯೇ ಡೆಸ್ಕ್‌ಟಾಪ್‌ಗೆ ಸಿಕ್ಕಿಸುವ ಹಳೆ ವೈಫೈ ಡಾಂಗಲ್‌ಗಳು, ಹೆಚ್ಚಾಗಿ 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತವೆ. ಆ ಬ್ಯಾಂಡ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಒಂದು ಅಪಾರ್ಟ್‌ಮೆಂಟ್‌ನಲ್ಲಿ ನಿಂತು ವೈಫೈ ಪಟ್ಟಿ ತೆರೆದರೆ ಅಕ್ಕಪಕ್ಕದವರದ್ದು, ಮೇಲಿನ ಮನೆಯವರದ್ದು ಎಲ್ಲ ಕಾಣುತ್ತದೆ ಅಲ್ವಾ? ಅಷ್ಟೂ ಆ ಮೂರರಲ್ಲೇ ತಳ್ಳಾಡುತ್ತಿರುತ್ತವೆ. ಸಂಜೆ ಮೇಲೆ ಇನ್ನೂ ಜಾಸ್ತಿ. ಒಂದು ಲ್ಯಾನ್ ಕೇಬಲ್ ತಂದು ರೂಟರ್‌ನಿಂದ ನೇರ ಕಂಪ್ಯೂಟರ್‌ಗೆ ಎಳೆದು ನೋಡಿ. ಅದರಲ್ಲಿ ಸರಿಯಾಗಿ ಓಡಿದರೆ ಉತ್ತರ ಸಿಕ್ಕಿತು. ಕೇಬಲ್ ಎಳೆಯಲು ಜಾಗವಿಲ್ಲದಿದ್ದರೆ 5 ಗಿಗಾಹರ್ಟ್ಸ್ ಹಿಡಿಯುವ ಡಾಂಗಲ್ ತಗೊಳ್ಳಿ.

ವಿಡಿಯೋ ಓಡುವುದಿರಲಿ, ಸೈಟೇ ತೆರೆಯುತ್ತಿಲ್ಲ, "ಸಂಪರ್ಕ ಸುರಕ್ಷಿತವಲ್ಲ" ಅನ್ನೋ ಅರ್ಥದ ಎಚ್ಚರಿಕೆ ಬರುತ್ತಿದೆ ಅಂದರೆ ಕೆಳಗಿನ ಮೂಲೆಯಲ್ಲಿ ತಾರೀಖು ನೋಡಿ. ಹಳೆ ಡೆಸ್ಕ್‌ಟಾಪ್‌ನ ಮದರ್‌ಬೋರ್ಡ್ ಮೇಲೆ ನಾಣ್ಯದ ಆಕಾರದ ಸಿಆರ್2032 ಸೆಲ್ ಇರುತ್ತದೆ. ಅದು ಸತ್ತರೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ತಾರೀಖು ತಪ್ಪಿದರೆ ಬ್ರೌಸರ್ ಸೈಟನ್ನು ನಂಬುವುದಿಲ್ಲ. ಈ ಸೆಲ್ ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ.

ಹಂತ 3: ಪ್ರೊಸೆಸರ್ ಒದ್ದಾಟ

ಹಳೆ ಕಂಪ್ಯೂಟರ್‌ಗಳ ನಿಜವಾದ ರೋಗ ಇದು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ವಿಡಿಯೋವನ್ನು ಇದ್ದ ಹಾಗೇ ಇಟ್ಟರೆ ಡಿಸ್ಕ್ ತುಂಬಿಹೋಗುತ್ತದೆ. ಅದಕ್ಕೆ ಹಿಂಡಿ ಚಿಕ್ಕದು ಮಾಡುತ್ತಾರೆ. ನೋಡುವಾಗ ಮತ್ತೆ ಬಿಡಿಸಬೇಕು. ಈ ಹಿಂಡುವ, ಬಿಡಿಸುವ ಪದ್ಧತಿಗೆ ಕೋಡೆಕ್ ಅನ್ನುತ್ತಾರೆ. 2003ರಲ್ಲಿ ಎಚ್.264 ಬಂತು. 2013ರಲ್ಲಿ ಎಚ್.265 ಮತ್ತು ವಿಪಿ9 ಬಂದವು. ಎಚ್.265ಕ್ಕೆ ಎಚ್‌ಇವಿಸಿ ಅನ್ನೋ ಹೆಸರೂ ಇದೆ. 2018ರಲ್ಲಿ ಎವಿ1 ಬಂತು. ಹೊಸದಾದಷ್ಟೂ ಫೈಲ್ ಚಿಕ್ಕದು, ಬಿಡಿಸುವ ಕೆಲಸ ದೊಡ್ಡದು.

ಈ ಕೆಲಸಕ್ಕೆ ಅಂತಲೇ ಗ್ರಾಫಿಕ್ಸ್ ಚಿಪ್‌ನಲ್ಲಿ ಒಂದು ಸರ್ಕ್ಯೂಟ್ ಇರುತ್ತದೆ. ಅದಕ್ಕೆ ಗೊತ್ತಿರುವ ಕೋಡೆಕ್ ಬಂದರೆ ಸಿಪಿಯು ಕಾಲು ಚಾಚಿ ಕೂರುತ್ತದೆ. ಗೊತ್ತಿಲ್ಲದ್ದು ಬಂದರೆ ಪೂರ್ತಿ ಹೊರೆ ಸಿಪಿಯು ಮೇಲೆ. ಇಂಟೆಲ್ ಕೋರ್ ಪ್ರೊಸೆಸರ್‌ಗಳಲ್ಲಿ ಒಳಗೇ ಇರುವ ಗ್ರಾಫಿಕ್ಸ್ ಲೆಕ್ಕ ಹೀಗಿದೆ: ಎರಡನೇ ತಲೆಮಾರು, ಅಂದರೆ 2011ರದ್ದು, ಎಚ್.264 ಬಿಡಿಸುತ್ತದೆ. ಮಾಮೂಲಿ ಎಚ್.265 ಬಿಡಿಸಲು ಆರನೇ ತಲೆಮಾರು ಬೇಕು, ಅದು 2015ರಲ್ಲಿ ಬಂತು. ವಿಪಿ9ಕ್ಕೆ, ಹಾಗೇ ಬಣ್ಣವನ್ನು ಇನ್ನೂ ಸೂಕ್ಷ್ಮವಾಗಿ ಹಿಡಿಯುವ 10 ಬಿಟ್ ಎಚ್.265ಕ್ಕೆ ಏಳನೇ ತಲೆಮಾರು. ಎವಿ1ಕ್ಕೆ 2020ರ ಹನ್ನೊಂದನೇ ತಲೆಮಾರು. ನಿಮ್ಮದು ಯಾವುದು ಅಂತ ತಿಳಿಯಲು ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ಹೆಸರು ನೋಡಿ. ಐ3-2120 ಅಂದರೆ ಎರಡನೇ ತಲೆಮಾರು, ಐ5-3470 ಅಂದರೆ ಮೂರನೆಯದು. ಅಡ್ಡಗೆರೆ ಆದ ಮೇಲೆ ನಾಲ್ಕು ಅಂಕಿ ಇದ್ದರೆ ಮೊದಲನೆಯದೇ ತಲೆಮಾರು. ಅಂಕಿ 10 ಅಥವಾ ಅದಕ್ಕಿಂತ ಮೇಲೆ ಶುರುವಾದರೆ ನಿಮ್ಮ ಕಂಪ್ಯೂಟರ್ ಅಷ್ಟು ಹಳೆಯದೇನಲ್ಲ ಬಿಡಿ.

ಈಗ ಯೂಟ್ಯೂಬ್ ವಿಷಯ. ಅದು ಹೆಚ್ಚಾಗಿ ವಿಪಿ9 ಅಥವಾ ಎವಿ1 ಕಳಿಸುತ್ತದೆ. ಡೇಟಾ ಉಳಿಯುತ್ತದೆ ಅಂತ ಅವರ ಲೆಕ್ಕ. ನಿಮ್ಮ ಮೂರನೇ ತಲೆಮಾರಿನ ಚಿಪ್‌ಗೆ ಅದು ಪರಭಾಷೆ. ಖಚಿತ ಮಾಡಿಕೊಳ್ಳಲು ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ, ಪಟ್ಟಿಯ ಕೊನೆಯಲ್ಲಿರುವ "ಸ್ಟ್ಯಾಟ್ಸ್ ಫಾರ್ ನರ್ಡ್ಸ್" ಒತ್ತಿ. ಕೋಡೆಕ್ಸ್ ಅನ್ನೋ ಸಾಲಿನಲ್ಲಿ ವಿಪಿ09 ಅಥವಾ ಎವಿ01 ಇದ್ದು, ಡ್ರಾಪ್ಡ್ ಫ್ರೇಮ್ಸ್, ಅಂದರೆ ತೋರಿಸಲಾಗದೆ ಬಿಟ್ಟುಹೋದ ಚಿತ್ರಗಳ ಸಂಖ್ಯೆ ಏರುತ್ತಲೇ ಇದ್ದರೆ ಕಳ್ಳ ಸಿಕ್ಕ. ಅಲ್ಲೇ ಎವಿಸಿ1 ಅಂತಿದ್ದರೆ ಅದು ಎಚ್.264. ಆಗ ಕಾರಣ ಬೇರೆ.

ಪರಿಹಾರ ಪುಕ್ಕಟೆ. ಬ್ರೌಸರ್‌ನ ಎಕ್ಸ್‌ಟೆನ್ಶನ್ ಅಂಗಡಿಯಲ್ಲಿ ಎಚ್264ಇಫೈ ತರಹದ ಚಿಕ್ಕ ಸಾಫ್ಟ್‌ವೇರ್ ಹುಡುಕಿ ಬ್ರೌಸರ್‌ಗೆ ಹಾಕಿ. "ನನಗೆ ಬೇರೆ ಕೋಡೆಕ್ ಬರುವುದಿಲ್ಲ" ಅಂತ ಬ್ರೌಸರ್ ಕೈಲಿ ಹೇಳಿಸುವುದಷ್ಟೇ ಅದರ ಕೆಲಸ. ಆಗ ಯೂಟ್ಯೂಬ್ ಎಚ್.264 ಕಳಿಸುತ್ತದೆ. ಒಂದು ಮಿತಿ ಇದೆ: ಎಚ್.264ನಲ್ಲಿ ಯೂಟ್ಯೂಬ್ 1080ಪಿಗಿಂತ ಮೇಲೆ ಕೊಡುವುದಿಲ್ಲ. ಹಳೆ ಮಾನಿಟರ್‌ಗೆ ಅದಕ್ಕಿಂತ ಜಾಸ್ತಿ ಬೇಕಾಗಿಯೂ ಇಲ್ಲ. ಸೆಕೆಂಡಿಗೆ 60 ಫ್ರೇಮ್ ಇರುವ ವಿಡಿಯೋ ತಡೆಯುವ ಆಯ್ಕೆಯೂ ಅದರಲ್ಲೇ ಇರುತ್ತದೆ. ಅದನ್ನೂ ಟಿಕ್ ಮಾಡಿ. ಕ್ರಿಕೆಟ್ ಹೈಲೈಟ್ಸ್ ನೋಡುವವರಿಗೆ ಇದರಿಂದಲೇ ಅರ್ಧ ಸಮಾಧಾನ. ಎಕ್ಸ್‌ಟೆನ್ಶನ್ ರಗಳೆ ಬೇಡ ಅನ್ನುವವರು ಗುಣಮಟ್ಟವನ್ನು 480ಪಿಗೆ ಇಳಿಸಿ ನೋಡಿ. ಭಜನೆ, ಅಡುಗೆ, ಪಾಠದ ವಿಡಿಯೋಗಳಿಗೆ ಧಾರಾಳ ಸಾಕು.

ಇನ್ನು ಫೋನ್‌ನಿಂದ ಬಂದ ಫೈಲ್‌ಗಳು. ಅಮೆರಿಕದಲ್ಲಿರುವ ಮಗಳು ಮೊಮ್ಮಗುವಿನ ವಿಡಿಯೋ ಡ್ರೈವ್‌ಗೆ ಹಾಕಿ ಕಳಿಸುತ್ತಾಳೆ. ಇಲ್ಲಿ ಜಯನಗರದ ಮನೆಯಲ್ಲಿ ಅಜ್ಜಿ ತಾತ ತೆರೆದರೆ ಮಗು ಅಲ್ಲಾಡದೆ ನಿಂತಿದೆ, ಅಳು ಮಾತ್ರ ಕೇಳಿಸುತ್ತಿದೆ. ಐಫೋನ್ 7 ಮತ್ತು ಅದರ ನಂತರದವು 2017ರಿಂದ, ಐಒಎಸ್ 11 ಬಂದ ಮೇಲೆ, ತಾವಾಗಿಯೇ ಎಚ್.265ನಲ್ಲಿ ರೆಕಾರ್ಡ್ ಮಾಡುತ್ತವೆ. ಐಫೋನ್ 12ರಿಂದ ಮುಂದಕ್ಕೆ ಬೆಳಕು ನೆರಳು ಎರಡನ್ನೂ ಚೆನ್ನಾಗಿ ಹಿಡಿಯುವ ಎಚ್‌ಡಿಆರ್ ಕೂಡ ಮೊದಲಿನಿಂದಲೇ ಆನ್ ಇರುತ್ತದೆ. ಅದು 10 ಬಿಟ್. ಹಾಗಾಗಿ ಆರನೇ ತಲೆಮಾರಿನ ಪ್ರೊಸೆಸರ್ ಕೂಡ ಸುಸ್ತಾಗುತ್ತದೆ, ಬಣ್ಣವೂ ತೊಳೆದು ಹಾಕಿದ ಹಾಗೆ ಮಂಕಾಗಿ ಕಾಣಬಹುದು. ಇದಕ್ಕೆ ಮದ್ದು ಕಳಿಸುವವರ ಕಡೆ ಇದೆ. ಮಗಳಿಗೆ ಫೋನ್ ಮಾಡಿ, ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರಲ್ಲಿ ಫಾರ್ಮ್ಯಾಟ್ಸ್, ಅಲ್ಲಿ "ಮೋಸ್ಟ್ ಕಂಪ್ಯಾಟಿಬಲ್" ಆರಿಸು ಅನ್ನಿ. ಎಷ್ಟೋ ಆಂಡ್ರಾಯ್ಡ್ ಫೋನ್‌ಗಳ ಕ್ಯಾಮೆರಾ ಸೆಟ್ಟಿಂಗ್‌ನಲ್ಲೂ "ಹೈ ಎಫಿಶಿಯೆನ್ಸಿ" ಅಂತ ಒಂದು ಗುಂಡಿ ಇರುತ್ತದೆ. ಅದನ್ನು ಆಫ್ ಮಾಡಿಸಿ.

ಈಗಾಗಲೇ ಬಂದಿರುವ ಫೈಲ್‌ಗಳನ್ನು ಬದಲಾಯಿಸಲು ಹ್ಯಾಂಡ್‌ಬ್ರೇಕ್ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ. ಫೈಲನ್ನು ಅದರೊಳಗೆ ಎಳೆದು ಹಾಕಿ, ಪ್ರೀಸೆಟ್‌ನಲ್ಲಿ "ಫಾಸ್ಟ್ 720ಪಿ30" ಆರಿಸಿ, ಸ್ಟಾರ್ಟ್ ಒತ್ತಿ. ಎಚ್.264 ಇರುವ ಎಂಪಿ4 ಸಿಗುತ್ತದೆ. ಹಳೆ ಕಂಪ್ಯೂಟರ್‌ನಲ್ಲಿ ಇದು ತೀರಾ ನಿಧಾನ, ರಾತ್ರಿ ಹಚ್ಚಿ ಮಲಗಬೇಕು. ಮನೆಯಲ್ಲಿ ಯಾರದ್ದಾದರೂ ಆಫೀಸಿನದ್ದಲ್ಲದ ಹೊಸ ಲ್ಯಾಪ್‌ಟಾಪ್ ಇದ್ದರೆ ಅದರಲ್ಲೇ ಮಾಡಿ. ಮೂಲ ಫೈಲನ್ನು ಅಳಿಸಬೇಡಿ, ಗುಣಮಟ್ಟ ಜಾಸ್ತಿ ಇರುವುದು ಅದರಲ್ಲೇ.

ಪ್ಲೇಯರ್ ಯಾವುದು? ವಿಎಲ್‌ಸಿ ಸಾಕು. ವಿಂಡೋಸ್ 7ರ ಮೀಡಿಯಾ ಪ್ಲೇಯರ್‌ಗೆ ಎಂಕೆವಿ ಫೈಲ್ ತೆರೆಯಲೂ ಬರುವುದಿಲ್ಲ. ವಿಎಲ್‌ಸಿ ತನ್ನ ಕೋಡೆಕ್‌ಗಳನ್ನು ತಾನೇ ಹೊತ್ತು ಬರುತ್ತದೆ. ಅದಕ್ಕೇ ಹೇಳುವುದು, "ಕೋಡೆಕ್ ಪ್ಯಾಕ್" ಅಂತ ಸಿಕ್ಕಸಿಕ್ಕ ಕಡೆಯಿಂದ ಇಳಿಸಬೇಡಿ. "ಈ ವಿಡಿಯೋ ನೋಡಲು ಫ್ಲ್ಯಾಶ್ ಹಾಕಿಕೊಳ್ಳಿ" ಅನ್ನುವ ಕಿಟಕಿ ಬಂದರೆ ಅದು ಮೋಸ. ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೇ ಮುಗಿದುಹೋಯಿತು.

ವಿಎಲ್‌ಸಿಯಲ್ಲಿ ಫೈಲ್ ಓಡುವಾಗ ಕಂಟ್ರೋಲ್ ಮತ್ತು ಜೆ ಒತ್ತಿದರೆ ಯಾವ ಕೋಡೆಕ್ ಅಂತ ತೋರಿಸುತ್ತದೆ. ಅದೇ ಕಿಟಕಿಯ ಸ್ಟ್ಯಾಟಿಸ್ಟಿಕ್ಸ್ ಭಾಗದಲ್ಲಿ ಎಷ್ಟು ಫ್ರೇಮ್ ಕಳೆದುಹೋಗಿದೆ ಅಂತಲೂ ಕಾಣುತ್ತದೆ. ಸುಧಾರಿಸಲು ಟೂಲ್ಸ್, ಪ್ರಿಫರೆನ್ಸಸ್, ಇನ್‌ಪುಟ್/ಕೋಡೆಕ್ಸ್‌ಗೆ ಹೋಗಿ. ಹಾರ್ಡ್‌ವೇರ್ ಡಿಕೋಡಿಂಗ್, ಅಂದರೆ ಗ್ರಾಫಿಕ್ಸ್ ಚಿಪ್ ಕೈಲಿ ಬಿಡಿಸುವುದು, "ಆಟೋಮ್ಯಾಟಿಕ್" ಇರಲಿ. ಕೆಳಗೆ ಎಚ್.264ನ ಡಿಬ್ಲಾಕಿಂಗ್ ಫಿಲ್ಟರ್ ಬಿಟ್ಟುಬಿಡುವ ಆಯ್ಕೆ ಇದೆ, ಅದನ್ನು "ಆಲ್" ಮಾಡಿ. ಚಿತ್ರ ಸ್ವಲ್ಪ ಚೌಕ ಚೌಕವಾಗಬಹುದು, ಆದರೆ ಕೋರ್ 2 ಡ್ಯುಯೋ ಕಾಲದ ಯಂತ್ರಗಳಲ್ಲಿ ಹೊರೆ ಚೆನ್ನಾಗಿ ಇಳಿಯುತ್ತದೆ. ಮಾತು ಮುಂದೆ, ತುಟಿ ಹಿಂದೆ ಆಗಿದ್ದರೆ ಕೆ ಕೀಲಿ ಒತ್ತುತ್ತಾ ಹೋಗಿ, ಪ್ರತಿ ಒತ್ತಿಗೂ ಧ್ವನಿ 50 ಮಿಲಿಸೆಕೆಂಡ್ ತಡವಾಗುತ್ತದೆ. ಉಲ್ಟಾ ಆಗಿದ್ದರೆ ಜೆ.

ಸಿಪಿಯು ಮೊದಲ ಐದು ನಿಮಿಷ ಚೆನ್ನಾಗಿದ್ದು ಆಮೇಲೆ ಕುಂಟುತ್ತಿದ್ದರೆ ಅದು ಬಿಸಿಯ ಲಕ್ಷಣ. ಬಿಸಿ ಮಿತಿ ದಾಟಿದರೆ ಪ್ರೊಸೆಸರ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಕೋರ್ ಟೆಂಪ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ 90 ಡಿಗ್ರಿ ದಾಟುವುದು ಕಂಡರೆ ಕ್ಯಾಬಿನೆಟ್ ತೆರೆಯುವ ಹೊತ್ತು ಬಂತು. ರಸ್ತೆ ಪಕ್ಕದ ಮನೆ, ಎದುರಿಗೆ ಮೆಟ್ರೋ ಕಾಮಗಾರಿ ಅಂದರೆ ಕೇಳುವುದೇ ಬೇಡ, ಪ್ರೊಸೆಸರನ್ನು ತಣ್ಣಗಿಡುವ ಹೀಟ್‌ಸಿಂಕ್ ಮೇಲೆ ಧೂಳಿನ ಕಂಬಳಿಯೇ ಹೊದ್ದಿರುತ್ತದೆ. ಪ್ಲಗ್ ತೆಗೆಯಿರಿ. ಫ್ಯಾನ್ ಗಿರ್ರನೆ ತಿರುಗದ ಹಾಗೆ ಬೆರಳಲ್ಲಿ ಹಿಡಿದು ಬ್ಲೋವರ್ ಹೊಡೆಯಿರಿ. ಬಾಲ್ಕನಿಯಲ್ಲಿ ಮಾಡಿ, ಒಳಗೆ ಮಾಡಿದರೆ ಮನೆಯವರ ಬೈಗುಳ ಗ್ಯಾರಂಟಿ. ಪ್ರೊಸೆಸರ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಹಳೆ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿದ್ದರೆ ಒರೆಸಿ ಹೊಸದು ಹಚ್ಚಬೇಕು. ಕೈ ಪಳಗಿಲ್ಲದಿದ್ದರೆ ಇದೊಂದನ್ನು ಅಂಗಡಿಯವರಿಗೆ ಬಿಡಿ.

ಹಂತ 4: ಡಿಸ್ಕ್

ಪೆನ್‌ಡ್ರೈವ್‌ನಿಂದಲೇ ನೇರ ವಿಡಿಯೋ ಓಡಿಸುತ್ತಿದ್ದರೆ ಮೊದಲು ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ ನೋಡಿ. ಅಷ್ಟರಲ್ಲೇ ಸರಿಹೋಗುವುದುಂಟು. ಕಾಪಿ ಮಾಡುವಾಗ ಡಿಸ್ಕ್ ಟಿಕ್ ಟಿಕ್ ಅನ್ನುತ್ತಿದ್ದರೆ, ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರೆ, ವಿಡಿಯೋ ಚಿಂತೆ ಬಿಟ್ಟು ಫೋಟೋಗಳನ್ನು ಬೇರೆ ಕಡೆ ಉಳಿಸಿಕೊಳ್ಳಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿ, ಹಳದಿಯಲ್ಲಿ "ಕಾಶನ್" ಅಂತ ತೋರಿಸಿದರೆ ಆ ಡಿಸ್ಕ್ ನಂಬುವ ಹಾಗಿಲ್ಲ.

ಡಿಸ್ಕ್ ಗಟ್ಟಿಯಾಗಿದ್ದೂ ಸದಾ ನೂರರಲ್ಲಿದ್ದರೆ ಹಿಂದೆ ಅಪ್‌ಡೇಟೋ ಆಂಟಿವೈರಸ್ಸೋ ಓಡುತ್ತಿರುತ್ತದೆ. ಕಂಪ್ಯೂಟರ್ ಆನ್ ಮಾಡಿ ಕಾಲು ಗಂಟೆ ಬಿಟ್ಟು ನೋಡಿ. ಇದು ದಿನನಿತ್ಯದ ಕಥೆಯಾದರೆ ಹಾರ್ಡ್‌ಡಿಸ್ಕ್ ಬದಲು ವೇಗವಾಗಿ ಓದುವ ಎಸ್‌ಎಸ್‌ಡಿ ಹಾಕಿಸಿ.

ಮದುವೆ, ಗೃಹಪ್ರವೇಶದ ಹಳೆ ಸಿಡಿ, ಡಿವಿಡಿ ಬಗ್ಗೆ ಒಂದು ಮಾತು. ವಿಂಡೋಸ್ 10ರಲ್ಲಿ ಡಿವಿಡಿ ಓಡಿಸುವ ಸೌಲಭ್ಯ ಜೊತೆಗೆ ಬರುವುದಿಲ್ಲ. ವಿಎಲ್‌ಸಿ ಓಡಿಸುತ್ತದೆ. ವಿಸಿಡಿ ಆಗಿದ್ದರೆ ಒಳಗೆ ಎಂಪೆಗ್‌ಎವಿ ಅನ್ನೋ ಫೋಲ್ಡರ್‌ನಲ್ಲಿ ಡ್ಯಾಟ್ ಫೈಲ್ ಇರುತ್ತದೆ, ಅದನ್ನು ವಿಎಲ್‌ಸಿಗೆ ಎಳೆದು ಹಾಕಿ. ಚಿತ್ರ 352x288 ಅಷ್ಟೇ ಇರುವುದರಿಂದ ಮಂಕಾಗಿ ಕಾಣುವುದು ಸಹಜ, ಅದು ಕಂಪ್ಯೂಟರ್ ತಪ್ಪಲ್ಲ. ಡಿಸ್ಕ್ ಓದುತ್ತಿರುವಾಗಲೇ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿಬಿಡಿ. ಮುಂದಿನ ವರ್ಷ ಓದುತ್ತದೆ ಅನ್ನೋ ಖಾತ್ರಿಯಿಲ್ಲ.

ಹಂತ 5: ಹಸಿರು ಸ್ಕ್ರೀನ್, ಕಪ್ಪು ಸ್ಕ್ರೀನ್

ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ಸ್ ನೋಡಿ. ಅಲ್ಲಿ "ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್" ಅಂತಿದ್ದರೆ ಗ್ರಾಫಿಕ್ಸ್ ಡ್ರೈವರೇ ಇಲ್ಲ ಅಂತ ಅರ್ಥ. ಫಾರ್ಮ್ಯಾಟ್ ಮಾಡಿಸಿಕೊಂಡು ಬಂದ ಕಂಪ್ಯೂಟರ್‌ಗಳಲ್ಲಿ ಇದು ಬಹಳ ಸಲ ಕಾಣಸಿಗುತ್ತದೆ. ಮೊದಲು ಓಡುತ್ತಿದ್ದ ವಿಡಿಯೋ ಫಾರ್ಮ್ಯಾಟ್ ಆದ ಮೇಲೆ ನಿಂತಿತು ಅಂದರೆ ಇದೇ. ಇಂಟೆಲ್, ಎಎಂಡಿ ಅಥವಾ ಎನ್‌ವಿಡಿಯಾ, ಯಾರ ಚಿಪ್ ಇದೆಯೋ ಅವರ ಸೈಟಿನಿಂದ, ಇಲ್ಲವೇ ಕಂಪ್ಯೂಟರ್ ಕಂಪನಿಯ ಸೈಟಿನಿಂದ ಡ್ರೈವರ್ ಹಾಕಿ.

ಡ್ರೈವರ್ ಇದ್ದೂ ಹಸಿರು ಬಂದರೆ ಕ್ರೋಮ್ ಸೆಟ್ಟಿಂಗ್ಸ್‌ನ ಸಿಸ್ಟಮ್ ಭಾಗದಲ್ಲಿ ಗ್ರಾಫಿಕ್ಸ್ ಆಕ್ಸಿಲರೇಶನ್ ಆಫ್ ಮಾಡಿ, ಬ್ರೌಸರ್ ಮುಚ್ಚಿ ತೆರೆಯಿರಿ. ವಿಎಲ್‌ಸಿಯಲ್ಲಾದರೆ ಹಾರ್ಡ್‌ವೇರ್ ಡಿಕೋಡಿಂಗ್ "ಡಿಸೇಬಲ್" ಮಾಡಿ. ಚಿತ್ರ ಸರಿಯಾದರೆ ಡ್ರೈವರ್‌ದೇ ತಪ್ಪು. ಆದರೆ ಈ ಗುಂಡಿ ಆಫ್ ಇದ್ದಷ್ಟು ದಿನ ಸಿಪಿಯು ಮೇಲೆ ಹೊರೆ ಬೀಳುತ್ತದೆ, ನೆನಪಿರಲಿ.

ಹಂತ 6: ವಿಂಡೋಸ್ ಹಳೆಯದಾದರೆ

ವಿಂಡೋಸ್ 7ಕ್ಕೆ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. ಕ್ರೋಮ್ ಅದರಲ್ಲಿ 109ನೇ ಆವೃತ್ತಿಗೇ ನಿಂತಿದೆ. ವಿಂಡೋಸ್ 10ರ ಮಾಮೂಲಿ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ರೌಸರ್ ಹಳೆಯದಾದಂತೆ ಒಂದೊಂದೇ ಸೈಟು ಕೈಕೊಡುತ್ತದೆ. ವಿಡಿಯೋ ನೋಡಲು ಮಾತ್ರ ಬಳಸುವ ಯಂತ್ರವಾದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಹಾಕುವಾಗ ಮಲ್ಟಿಮೀಡಿಯಾ ಕೋಡೆಕ್ಸ್ ಬೇಕಾ ಅಂತ ಕೇಳುತ್ತದೆ, ಟಿಕ್ ಮಾಡಿ. ಹಳೆ ವಿಂಡೋಸ್ ಉಳಿಸಿಕೊಂಡರೆ ಅದರಲ್ಲಿ ಬ್ಯಾಂಕ್ ವ್ಯವಹಾರ ಮಾಡಬೇಡಿ.

ಹಂತ 7: ಎಸ್.ಪಿ. ರೋಡ್‌ಗೆ ಹೋಗಲೇಬೇಕಾದರೆ

ಇಷ್ಟಾದರೂ ಆಗಲಿಲ್ಲ, ಡೆಸ್ಕ್‌ಟಾಪ್ ಬಿಡಲೂ ಮನಸ್ಸಿಲ್ಲ ಅಂದರೆ ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರೋಡ್‌ಗೆ ನಡೆದೇ ಹೋಗಬಹುದು. ಪಟ್ಟಿ ಬರೆದುಕೊಂಡು ಹೋಗಿ. ಅಲ್ಲಿನ ಗದ್ದಲದಲ್ಲಿ ನಿಂತು ಯೋಚನೆ ಮಾಡಲು ಆಗುವುದಿಲ್ಲ.

ರ‍್ಯಾಮ್ 2 ಜಿಬಿ ಇದ್ದರೆ ಹಾಕಿಸಿ, ನಿಮ್ಮ ಬೋರ್ಡ್‌ಗೆ ಡಿಡಿಆರ್2 ಬೇಕೋ ಡಿಡಿಆರ್3 ಬೇಕೋ ಮೊದಲೇ ನೋಡಿಕೊಳ್ಳಿ. 8 ಜಿಬಿ ಇದ್ದು ವಿಡಿಯೋ ನಿಲ್ಲುತ್ತಿದ್ದರೆ ಇನ್ನಷ್ಟು ಹಾಕಿದರೂ ಪ್ರಯೋಜನವಿಲ್ಲ.

ಗ್ರಾಫಿಕ್ಸ್ ಕಾರ್ಡ್ ಕೇಳಿದರೆ ಕಡಿಮೆ ಬೆಲೆಗೆ ಅಂತ ಜಿಟಿ 710 ಎತ್ತಿ ಕೊಡಬಹುದು. ಬೇಡ ಅನ್ನಿ. ಅದಕ್ಕೆ ಎಚ್.265 ಬರುವುದಿಲ್ಲ, ವಿಪಿ9 ಕೂಡ ಬರುವುದಿಲ್ಲ. ದುಡ್ಡು ಕೊಟ್ಟೂ ಇದ್ದಲ್ಲೇ ಇರುತ್ತೀರಿ. ಜಿಟಿ 1030 ಎರಡನ್ನೂ ಬಿಡಿಸುತ್ತದೆ, ಎವಿ1 ಮಾತ್ರ ಇಲ್ಲ. ಬೇರೆ ಪವರ್ ವೈರ್ ಬೇಡ, ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಹಳೆ ಎಸ್‌ಎಂಪಿಎಸ್ ಡಬ್ಬಿ ತಡೆದುಕೊಳ್ಳುತ್ತದೆ. ಕ್ಯಾಬಿನೆಟ್ ತೆಳ್ಳಗಿದ್ದರೆ ಲೋ ಪ್ರೊಫೈಲ್ ಬ್ರ್ಯಾಕೆಟ್, ಅಂದರೆ ಕಾರ್ಡ್ ಕೂರಿಸುವ ಗಿಡ್ಡ ತಗಡು, ಕೇಳಿ ಪಡೆಯಿರಿ. ಆ ಕಾರ್ಡ್‌ನಲ್ಲಿ ನೀಲಿ ಬಣ್ಣದ ಹಳೆ ವಿಜಿಎ ಕಿಂಡಿ ಇರುವುದಿಲ್ಲ. ನಿಮ್ಮ ಮಾನಿಟರ್‌ಗೆ ಅದೊಂದೇ ಇದ್ದರೆ ಎಚ್‌ಡಿಎಂಐನಿಂದ ವಿಜಿಎಗೆ ಬದಲಾಯಿಸುವ ಕನ್ವರ್ಟರ್ ಅಲ್ಲೇ ತಗೊಂಡುಬಿಡಿ. ಮನೆಗೆ ಬಂದು ಕಾರ್ಡ್ ಕೂರಿಸಿ ಡ್ರೈವರ್ ಹಾಕಿದ ಮೇಲೆ ಮಾನಿಟರ್ ಕೇಬಲ್ ಮದರ್‌ಬೋರ್ಡ್‌ನಲ್ಲೇ ಉಳಿದಿದೆಯೇ ನೋಡಿ. ಉಳಿದಿದ್ದರೆ ಕಿತ್ತು ಕಾರ್ಡ್‌ಗೆ ಸಿಕ್ಕಿಸಿ.